ರಕ್ತ ಕಡಿಮೆ ಅಂದರೆ ಏನು ಕಡಿಮೆ?

(ಗೋಣಿಕೊಪ್ಪಲಿನಲ್ಲಿ ಮಹಿಳಾ ಸಂಘಗಳ ಒಂದು ಸಭೆಯಲ್ಲಿ ಆಡಿದ ಮಾತು. ಆಮೇಲೆ ಮನೆಯಲ್ಲಿ ಕೂತು ಬರೆದಿದ್ದೇನೆ. ಮಾತಿನ ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೈಕ್ ಅಭ್ಯಾಸ ಇಲ್ಲ. 26 ವರ್ಷ ಆರೋಗ್ಯ ಸಹಾಯಕಿಯಾಗಿ ದಕ್ಷಿಣ ಕೊಡಗಿನಲ್ಲಿ ಆದಿವಾಸಿಗಳ ಹಾಡಿಗಳನ್ನೂ ತೋಟದ ಕೂಲಿಯವರ ಲೈನ್ ಮನೆಗಳನ್ನೂ ಸುತ್ತಿದವಳು. ಅಲ್ಲಿ ಗಂಟಲೇ ಸಾಕಿತ್ತು. ಇವತ್ತು ಇಲ್ಲಿ ಮುಂದಿನ ಸಾಲಿನಲ್ಲಿ ತೋಟದ ಮನೆಯ ಅಕ್ಕಂದಿರು ಕೂತಿದ್ದೀರಿ. ಹಿಂದೆ, ಬಾಗಿಲ ಹತ್ತಿರ, ಹಾಡಿಯಿಂದ ಬಂದವರು ಕೂತಿದ್ದೀರಿ. ಮುಂದೆ ಕುರ್ಚಿ ಖಾಲಿ ಇದೆ ಬನ್ನಿ ಅಂದರೂ ಬರಲಿಲ್ಲ. ಇರಲಿ, ಅಲ್ಲಿಗೂ ಕೇಳಿಸುವ ಹಾಗೆ ಮಾತಾಡುತ್ತೇನೆ.

ಒಂದು ಬಿಸ್ಕತ್ತಿನ ಡಬ್ಬಿಯ ಕಥೆ ಹೇಳಬೇಕು. ತಿತಿಮತಿ ಕಡೆಯ ಒಂದು ಹಾಡಿ. ಏಳು ತಿಂಗಳ ಬಸುರಿ ಹುಡುಗಿ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್, ಅಂದರೆ ರಕ್ತದ ಕೆಂಪು ಅಂಶ, 7.4 ಅಂತ ನಾನೇ ಬರೆದಿದ್ದೆ. ಬಸುರಿಯರಿಗೆ 11 ಇರಬೇಕು. 7ಕ್ಕಿಂತ ಕೆಳಗೆ ಹೋದರೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಕಷ್ಟ. ಮುಂದಿನ ತಿಂಗಳು ಮತ್ತೆ ನೋಡಿದೆ. 7.2. ಮಾತ್ರೆ ತಗೊಂಡ್ಯಾ ಅಂದೆ. ತಲೆ ಆಡಿಸಿದಳು. ಎಲ್ಲಿ, ತೋರಿಸು ಅಂದೆ. ಒಳಗೆ ಹೋಗಿ ಬಿದಿರಿನ ಅಟ್ಟದಿಂದ ಒಂದು ಹಳೇ ಡಬ್ಬಿ ತಂದಳು. ಮುಚ್ಚಳ ತೆಗೆದರೆ ನಾನು ಕೊಟ್ಟ ಕೆಂಪು ಮಾತ್ರೆಗಳೆಲ್ಲ ಹಾಗೇ ಇವೆ. ಒಂದು ಶೀಟೂ ಒಡೆದಿಲ್ಲ. ಇಲಿ ಕಡಿಯದ ಹಾಗೆ ಎಷ್ಟು ಜೋಪಾನವಾಗಿ ಇಟ್ಟಿದ್ದಳು ಅಂದರೆ, ಒಡವೆ ಇಟ್ಟ ಹಾಗೆ.

ನನಗೆ ಸಿಟ್ಟು ಬಂತು. ಬೈದೆ. ಇಡೀ ಹಾಡಿಗೆ ಕೇಳುವ ಹಾಗೆ ಬೈದೆ. ಅವಳು ಸುಮ್ನೆ ನೆಲ ನೋಡುತ್ತಾ ನಿಂತಳು. ಒಲೆ ಮುಂದೆ ಕೂತಿದ್ದ ಅವಳ ಅಜ್ಜಿ ಮಾತ್ರ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದು ಹೇಳಿದರು: "ಬೆಳಗ್ಗೆ ಇವಳು ಬರೀ ಕಾಫಿ ಕುಡ್ಕೊಂಡು ತೋಟಕ್ಕೆ ಹೋಗ್ತಾಳೆ. ಖಾಲಿ ಹೊಟ್ಟೆಗೆ ಅದನ್ನ ನುಂಗಿದ್ರೆ ವಾಂತಿ. ವಾಂತಿ ಆದ್ರೆ ಕೆಲಸ ಇಲ್ಲ. ಕೆಲಸ ಇಲ್ಲ ಅಂದ್ರೆ ಆ ದಿನದ ಕೂಲಿ ಇಲ್ಲ. ಈಗ ನೀನೇ ಹೇಳು ಸಿಸ್ಟ್ರೇ, ಏನು ಮಾಡ್ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಟ್ರೈನಿಂಗಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ದಿನಕ್ಕೆ ಒಂದರಂತೆ 180 ದಿನ. ರಕ್ತ ಕಡಿಮೆ ಇದ್ದರೆ ದಿನಕ್ಕೆ ಎರಡು. ಅಷ್ಟು ಬಾಯಿಪಾಠ ಇತ್ತು. ಈ ಮಾತ್ರೆಯಿಂದ ಮಲ ಕಪ್ಪಗಾಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಬೇಕು ಅನ್ನೋದೂ ನನಗೆ ಹೊಳೆದಿರಲಿಲ್ಲ. ಆ ಹುಡುಗಿ ಮೊದಲ ಮೂರು ದಿನ ತಗೊಂಡಿದ್ದಳಂತೆ, ಬೇರೆ ಶೀಟಿಂದ. ಕಪ್ಪಗೆ ಹೋದದ್ದು ನೋಡಿ ಹೊಟ್ಟೆಯೊಳಗೆ ಮಗುವಿಗೆ ಏನೋ ಆಯಿತು ಅಂತ ಹೆದರಿ ನಿಲ್ಲಿಸಿದ್ದಳು. ಇದನ್ನು ನನಗೆ ಹೇಳಲಿಲ್ಲ. ಬೈಯುವವರ ಹತ್ತಿರ ಯಾರು ಹೇಳುತ್ತಾರೆ?

ಇನ್ನೊಂದು ವಿಷಯ, ನಮ್ಮ ಬೆಲ್ಲದ ಕಾಫಿ. ಕೊಡಗಿನಲ್ಲಿ ನಿಂತು ಕಾಫಿ ಬಗ್ಗೆ ಕೆಟ್ಟ ಮಾತು ಆಡೋದು ನನಗೂ ಕಷ್ಟವೇ. (ಸಭೆಯಲ್ಲಿ ನಗು.) ಕಾಫಿ, ಟೀ ಎರಡೂ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದ ಹಾಗೆ ತಡೆಯುತ್ತವೆ. ಮಾತ್ರೆಯನ್ನು ಕಾಫಿ ಜತೆ ನುಂಗಿದರೆ ಅರ್ಧ ಕೆಲಸ ಅಲ್ಲೇ ಹಾಳು. ಹಿಂದೆ ಮುಂದೆ ಒಂದೊಂದು ಗಂಟೆ ಬಿಡಬೇಕು. ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿಗೆ, ಅರ್ಧ ನಿಂಬೆಹಣ್ಣಿನ ನೀರು ಅಥವಾ ಒಂದು ನೆಲ್ಲಿಕಾಯಿ ಜತೆಗೆ ತಗೊಂಡರೆ ವಾಂತಿಯೂ ಕಡಿಮೆ, ಮೈಗೆ ಹತ್ತೋದೂ ಜಾಸ್ತಿ. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜತೆ ಸೇರಿಸಬೇಡಿ, ಅದು ಬೇರೆ ಹೊತ್ತಿಗೆ. ಆ ಹುಡುಗಿಗೂ ಮಾತ್ರೆಯನ್ನು ರಾತ್ರಿಗೆ ಬದಲಾಯಿಸಿದೆವು. ಡಬ್ಬಿ ನಿಧಾನಕ್ಕೆ ಖಾಲಿ ಆಯಿತು. ಹೆರಿಗೆ ಹೊತ್ತಿಗೆ 9 ದಾಟಿತ್ತು. ಅಜ್ಜಿ ಒಂದು ಮಾತು ಆಡದಿದ್ದರೆ ನಾನು ಕಾರ್ಡಲ್ಲಿ "ಸಹಕರಿಸುತ್ತಿಲ್ಲ" ಅಂತ ಬರೆದು ಬರುತ್ತಿದ್ದೆ. ಎಷ್ಟು ಕಾರ್ಡಲ್ಲಿ ಹಾಗೆ ಬರೆದಿದ್ದೇನೋ, ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ. ಪರಿಶಿಷ್ಟ ಪಂಗಡದ ಹೆಂಗಸರನ್ನಷ್ಟೇ ತಗೊಂಡರೆ 100ಕ್ಕೆ ಸುಮಾರು 65. ಅಂದರೆ ಇದು ಹಾಡಿಯವರ ಕಾಯಿಲೆ ಮಾತ್ರ ಅಂತ ಮುಂದಿನ ಸಾಲಿನವರು ನೆಮ್ಮದಿಯಾಗಿ ಕೂರುವ ಹಾಗಿಲ್ಲ. ನಾನೂ ಕೂರುವ ಹಾಗಿಲ್ಲ. ಒಂದು ಕ್ಯಾಂಪಲ್ಲಿ ಯರವ ಬುಡಕಟ್ಟಿನ ಒಬ್ಬ ಅಜ್ಜಿ ಬೆರಳು ಚುಚ್ಚಿಸಿಕೊಳ್ಳುತ್ತಾ, "ನಿಂದು ಎಷ್ಟುಂಟು?" ಅಂತ ಕೇಳಿಬಿಟ್ಟರು. ಊರವರದ್ದೆಲ್ಲ ನೋಡಿದವಳು ನನ್ನದು ನೋಡಿಕೊಂಡಿರಲಿಲ್ಲ. ಅಲ್ಲೇ ನೋಡಿದೆ, 10.4. ಅಜ್ಜಿ ಬಹಳ ಖುಷಿಪಟ್ಟರು.

ಈಗ ಯಾರ ಬಗ್ಗೆ ಮಾತಾಡುತ್ತಿದ್ದೇನೆ ಅಂತ ಹೇಳಬೇಕು. 2011ರ ಜನಗಣತಿಯಲ್ಲಿ ಕೊಡಗಿನ ಜನ 5,54,519. ಅದರಲ್ಲಿ 100ಕ್ಕೆ ಹತ್ತಕ್ಕಿಂತ ಸ್ವಲ್ಪ ಜಾಸ್ತಿ ಮಂದಿ ಪರಿಶಿಷ್ಟ ಪಂಗಡದವರು. ಜೇನು ಕುರುಬರು, ಬೆಟ್ಟ ಕುರುಬರು, ಯರವರು, ಕುಡಿಯರು, ಇನ್ನೂ ಕೆಲವರು. ಸಾವಿರ ಗಂಡಸರಿಗೆ 1019 ಹೆಂಗಸರು ಅಂತ ಈ ಜಿಲ್ಲೆಗೆ ಒಳ್ಳೆ ಹೆಸರಿದೆ. ಎಲ್ಲರನ್ನೂ ಸೇರಿಸಿ ತೆಗೆದ ಲೆಕ್ಕ ಅದು. ಹಾಡಿಯ ಹೆಂಗಸು ಹೇಗಿದ್ದಾಳೆ ಅನ್ನೋದು ಅದರಲ್ಲಿ ಕಾಣಲ್ಲ.

ಯರವರು ತಮ್ಮನ್ನು ತಾವು ರಾವುಳರು ಅಂತ ಕರೆದುಕೊಳ್ಳುತ್ತಾರೆ. ಯರವ ಅನ್ನುವ ಹೆಸರು ಎರವಲು ಅನ್ನುವ ಮಾತಿನಿಂದ ಬಂತು ಅಂತ ಹೇಳುವವರಿದ್ದಾರೆ. ಎರವಲು ತಂದ ಜನ. ಇದು ಸುಮ್ಮನೆ ಹುಟ್ಟಿದ ಮಾತಲ್ಲ. ಗದ್ದೆ ಕೈ ಬದಲಾದಾಗ ಆಳೂ ಜತೆಗೆ ಕೈ ಬದಲಾಗುತ್ತಿದ್ದ ಕಾಲ ಈ ನಾಡಿನಲ್ಲಿ ಇತ್ತು. ಗಡಿ ದಾಟಿದರೆ ವಯನಾಡಿನ ವಳ್ಳಿಯೂರ್‌ಕಾವು. ಅಲ್ಲಿನ ಭಗವತಿಯ ಉತ್ಸವದಲ್ಲಿ ವರ್ಷಕ್ಕಿಷ್ಟು ಅಂತ ಕೊಟ್ಟು ಕೆಲಸದಾಳುಗಳನ್ನು ಗೊತ್ತು ಮಾಡುತ್ತಿದ್ದರು, ದೇವಿಯ ಎದುರೇ. 1834ರಲ್ಲಿ ಇಂಗ್ಲಿಷರು ಕೊಡಗನ್ನು ತಗೊಂಡರು. 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲ ಅಂದರು. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬ ದೊರೆ ಕಾಫಿ ತೋಟ ಹಾಕಿದ. ಆಮೇಲೆ ತೋಟದ ಮೇಲೆ ತೋಟ. ಆಳು ಹೋಗಿ ಕೂಲಿ ಆಯಿತು, ಮುಂಗಡ ಅನ್ನುವ ಹೊಸ ಹಗ್ಗ ಬಂತು. ಜೀತ ನಿಲ್ಲಿಸುವ ಕಾನೂನು ಬಂದದ್ದು 1976ರಲ್ಲಿ. ನಮ್ಮಲ್ಲಿ ಎಷ್ಟೋ ಜನ ಅಷ್ಟು ಹೊತ್ತಿಗೆ ಹುಟ್ಟಿದ್ದೆವು.

ಇದಕ್ಕೂ ಹಿಮೋಗ್ಲೋಬಿನ್‌ಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಲೈನ್ ಮನೆ ನೋಡಿ. ಒಂದು ಕೋಣೆ, ಒಂದು ಒಲೆ, ಹೊಗೆ ಹೋಗಲು ಹೆಂಚಿನ ಸಂದಿ. ಆದರೆ ನಾನು ಹೇಳಬೇಕಾದ್ದು ಗೋಡೆಯ ವಿಷಯ ಅಲ್ಲ. ಆ ಮನೆ ಅವಳದ್ದಲ್ಲ, ಕೆಲಸದ್ದು. ಕೆಲಸಕ್ಕೆ ಹೋಗುವ ತನಕ ಮನೆ. ಹೀಗಿರುವಾಗ ಎಂಟು ತಿಂಗಳ ಬಸುರಿಗೆ ನೀನು ವಿಶ್ರಾಂತಿ ತಗೋ ಅಂತ ನಾನು ಹೇಳಿದರೆ, ಅವಳ ಕಿವಿಗೆ ಅದು ಮನೆ ಖಾಲಿ ಮಾಡು ಅಂದ ಹಾಗೆ ಕೇಳುತ್ತೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾನೂನಿನಲ್ಲಿ ಹೆರಿಗೆ ಭತ್ಯೆ, ಶಿಶುಮಂದಿರ ಎಲ್ಲ ಬರೆದಿತ್ತು. ದೊಡ್ಡ ಎಸ್ಟೇಟುಗಳಿಗೆ ಅದು ಸರಿ. ದಿನಗೂಲಿಗೆ ಪಿಕಪ್ ಹತ್ತಿ ಇವತ್ತು ಒಂದು ತೋಟ, ನಾಳೆ ಇನ್ನೊಂದು ತೋಟ ಅಂತ ಹೋಗುವವಳ ಹೆಸರು ಯಾವ ರಿಜಿಸ್ಟರಿನಲ್ಲಿ ಇರುತ್ತೆ?

ಇನ್ನು ನೆಲ. ಕಾಫಿ ತೋಟದ ನೆರಳು, ತೇವ, ಬರಿಗಾಲು. ಕೊಕ್ಕೆಹುಳಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಮರಿಹುಳ ಪಾದದ ಚರ್ಮದಿಂದ ಒಳಗೆ ಹೋಗಿ, ಕರುಳಿಗೆ ಕಚ್ಚಿಕೊಂಡು ದಿನಾ ಸ್ವಲ್ಪ ಸ್ವಲ್ಪ ರಕ್ತ ಹೀರುತ್ತದೆ. ನೀವು ಹೊರಗೆ ಕಾಣುವ ಜಿಗಣೆಗೆ ಸುಣ್ಣ, ಹೊಗೆಸೊಪ್ಪು ಹಚ್ಚುತ್ತೀರಿ. ಒಳಗಿರುವುದು ಕಾಣೋದಿಲ್ಲ. ಬಸುರಿಯರಿಗೆ ಮೂರು ತಿಂಗಳು ದಾಟಿದ ಮೇಲೆ ಒಂದು ಆಲ್ಬೆಂಡಜೋಲ್ ಮಾತ್ರೆ ಕೊಡುತ್ತೇವೆ. ಅದನ್ನು ಡಬ್ಬಿಯಲ್ಲಿ ಇಡಬೇಡಿ. ತೋಟದ ಅಕ್ಕಂದಿರೇ, ಕೆಲಸದವರಿಗೆ ವರ್ಷಕ್ಕೊಂದು ಜತೆ ಗಂಬೂಟ್ ಕೊಡಿಸಿ. ಒಂದು ಮೂಟೆ ಗೊಬ್ಬರದ ಖರ್ಚೂ ಆಗಲ್ಲ.

ಕಾಡಿನ ವಿಷಯಕ್ಕೆ ಬರುತ್ತೇನೆ. ನಾಗರಹೊಳೆ 1955ರಲ್ಲಿ ಅಭಯಾರಣ್ಯ ಆಯಿತು, ಆಮೇಲೆ ರಾಷ್ಟ್ರೀಯ ಉದ್ಯಾನ, 1999ರಿಂದ ಹುಲಿ ಸಂರಕ್ಷಿತ ಪ್ರದೇಶ. ಹಾಡಿಗಳು ಒಂದೊಂದಾಗಿ ಹೊರಗೆ ಬಂದವು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ಹೀಗೆ ನೆಲೆ ತಪ್ಪಿದ ಕುಟುಂಬಗಳ ಸಂಖ್ಯೆ 3,418. ಹುಲಿ ಬೇಕೋ ಬೇಡವೋ ಅನ್ನೋದು ನನ್ನ ಇವತ್ತಿನ ಮಾತಲ್ಲ. ತಟ್ಟೆಯಲ್ಲಿ ಏನು ಬದಲಾಯಿತು ಅಂತ ಮಾತ್ರ ಹೇಳುತ್ತೇನೆ.

ಒಬ್ಬ ಜೇನು ಕುರುಬ ಅಮ್ಮ ನನಗೆ ಒಂದು ಮಧ್ಯಾಹ್ನ ಬೆರಳು ಮಡಚುತ್ತಾ ಲೆಕ್ಕ ಹೇಳಿದರು. ಮೊದಲ ಮಳೆಗೆ ಅಣಬೆ. ಆಮೇಲೆ ಕಣಿಲೆ. ತೋಡಿನಲ್ಲಿ ಏಡಿ, ಸಣ್ಣ ಮೀನು. ಹತ್ತು ಹದಿನೈದು ತರಹದ ಸೊಪ್ಪು, ಒಂದೊಂದಕ್ಕೂ ಅವರ ಮಾತಿನಲ್ಲಿ ಬೇರೆ ಹೆಸರು. ಬೇಸಿಗೆಗೆ ಗೆಣಸು, ಅದರಲ್ಲೇ ನಾಲ್ಕೈದು ಜಾತಿ. ಜೇನು. ಚಳಿಗೆ ನೆಲ್ಲಿಕಾಯಿ. ಎರಡು ಕೈ ಬೆರಳು ಮುಗಿದವು, ಕಾಲ ಬೆರಳು ಹಿಡಿದರು. ಈಗ ಏನು ತಿನ್ನುತ್ತೀರಿ ಅಂದೆ. ಒಂದೇ ಬೆರಳು ತೋರಿಸಿದರು. ಅಕ್ಕಿ. ನ್ಯಾಯಬೆಲೆ ಅಂಗಡಿಯ ಬಿಳಿ ಅಕ್ಕಿ. ಅದರ ಜತೆ ಟೊಮ್ಯಾಟೊ ಸಾರು, ಸಂತೆ ದಿನ ಒಣಮೀನು.

ಅಕ್ಕಿ ಬೇಡ ಅಂತ ನಾನು ಹೇಳಲ್ಲ. ಹಸಿವು ತಪ್ಪಿಸಿದ್ದು ಅದೇ. ಸರ್ಕಾರ ಹಾಡಿಗಳಿಗೆ ಕೊಡುವ ಪೌಷ್ಟಿಕ ಆಹಾರದ ಕಿಟ್‌ನಲ್ಲಿ ಬೇಳೆ, ಕಾಳು, ಬೆಲ್ಲ, ಮೊಟ್ಟೆ ಬರುತ್ತದೆ, ಒಳ್ಳೆಯದು. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಇದೆ. ಮಧ್ಯಾಹ್ನ ಒಂದು ಗಂಟೆಗೆ ಅಂಗನವಾಡಿಯಲ್ಲಿ ಊಟ, ಆ ಹೊತ್ತಿಗೆ ಅವಳು ಮೂರು ಮೈಲಿ ಆಚೆ ಕಾಫಿ ಕೊಯ್ಯುತ್ತಿರುತ್ತಾಳೆ. ಇದನ್ನು ಮೀಟಿಂಗಿನಲ್ಲಿ ಎಷ್ಟು ಸಲ ಹೇಳಿದ್ದೇನೆ ಅಂತ ಕೇಳಬೇಡಿ.

ಕಕ್ಕಡ ತಿಂಗಳ 18ನೇ ದಿನ ನಾವೆಲ್ಲ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ ಅಲ್ವಾ? ಸೊಪ್ಪು ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮನೆಯೆಲ್ಲ ಆ ಘಮ. ಹದಿನೆಂಟು ಮದ್ದು ಅದರಲ್ಲಿದೆ ಅಂತ ಮಕ್ಕಳಿಗೆ ಹೇಳುತ್ತೇವೆ. ಆ ಕಟ್ಟನ್ನು ಕಾಡಂಚಿನಿಂದ ಕೊಯ್ದು ತಂದು ಮಳೆಯಲ್ಲಿ ಕೂತು ಮಾರಿದವಳು ಅವತ್ತು ಏನು ಊಟ ಮಾಡಿದಳು ಅಂತ ಮುಂದಿನ ಸಲ ಕೇಳಿ ನೋಡಿ.

ದುಬಾರೆ, ಮತ್ತಿಗೋಡಿನ ಆನೆಗಳು ದಸರೆಗೆ ಹೋಗುತ್ತವೆ. ಮೈಸೂರಿಗೆ ಹೋದ ಕೂಡಲೇ ತೂಕ ನೋಡುತ್ತಾರೆ. ಯಾವ ಆನೆ ಎಷ್ಟು ಕೆ.ಜಿ. ಅಂತ ಪತ್ರಿಕೆಯಲ್ಲಿ ಬರುತ್ತೆ. ಉದ್ದು, ಹೆಸರು, ಗೋಧಿ, ಕುಸುಬಲಕ್ಕಿ, ಬೆಣ್ಣೆ ಎಲ್ಲ ಕೊಡುತ್ತಾರೆ. ಕೊಡಲಿ, ಅಂಬಾರಿ ಹೊರಬೇಕು ಪಾಪ. ಆನೆ ನೋಡಿಕೊಳ್ಳುವ ಮಾವುತರು, ಕಾವಾಡಿಗರಲ್ಲಿ ಜೇನು ಕುರುಬರು ಎಷ್ಟೋ ಮಂದಿ. ಹೆಂಡತಿ ಮಕ್ಕಳೂ ಜತೆಗೆ ಹೋಗಿರುತ್ತಾರೆ. ಮಾವುತನ ಹೆಂಡತಿಯ ತೂಕ ಎಷ್ಟು ಅಂತ ಯಾವ ಪತ್ರಿಕೆಯಲ್ಲಾದರೂ ಓದಿದ್ದೀರಾ?

ಇಷ್ಟು ಹೊತ್ತು ಹೇಳಿದ್ದು ಕಬ್ಬಿಣದ ಕಥೆ. ಇನ್ನೊಂದು ಇದೆ, ಅದು ರಕ್ತದ ಒಳಗಿನದ್ದು. ಇದರಲ್ಲಿ ನನ್ನ ತಪ್ಪು ಇನ್ನೂ ದೊಡ್ಡದು.

ಒಂದು ಲೈನ್ ಮನೆಯಲ್ಲಿ ಮೂವತ್ತರ ಆಸುಪಾಸಿನ ಯರವ ಹೆಂಗಸು. ಪ್ರತಿ ಮಳೆಗಾಲ ಅವಳಿಗೆ ಸೊಂಟ, ಮೊಣಕಾಲು, ತೋಳು ನೋವು. ಎಂಥ ನೋವು ಅಂದರೆ ಗೋಡೆ ಹಿಡಿದು ಅಳುತ್ತಿದ್ದಳು. ನಾಲ್ಕು ದಿನ ಮಲಗುವುದು, ಐದನೇ ದಿನ ಎದ್ದು ಹೋಗುವುದು. ತೋಟದ ರೈಟರ್ ಪುಸ್ತಕದಲ್ಲಿ ಗೈರು ಅಂತ ಬರೆದು, "ಮಳೆ ಬಂದ್ರೆ ಇವಳಿಗೆ ನೆಪ" ಅನ್ನುತ್ತಿದ್ದರು. ನಾನು ವಾತ ಅಂದುಕೊಂಡೆ. ನೋವಿನ ಮಾತ್ರೆ, ಮುಲಾಮು. ಹತ್ತು ಹನ್ನೆರಡು ವರ್ಷ ನಾನು ಅವಳಿಗೆ ಕೊಟ್ಟ ನೋವಿನ ಮಾತ್ರೆ ಅಳೆದರೆ ಒಂದು ಸೇರು ಆಗಬಹುದು. ಕೊನೆಗೆ ಒಂದು ತಪಾಸಣೆಯಲ್ಲಿ ಗೊತ್ತಾಯಿತು, ಸಿಕಲ್ ಸೆಲ್.

ನಮ್ಮ ರಕ್ತದ ಕೆಂಪು ಕಣ ಗುಂಡಗೆ, ಮೆತ್ತಗೆ ಇರುತ್ತದೆ. ಸಣ್ಣ ನಾಳದಲ್ಲೂ ಮಡಚಿಕೊಂಡು ಹೋಗುತ್ತದೆ. ಈ ಕಾಯಿಲೆಯಲ್ಲಿ ಅದು ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗುತ್ತದೆ. ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ರಕ್ತ ಹೋಗಲ್ಲ, ನೋವು. ಒಳ್ಳೆ ಕಣ ಸುಮಾರು 120 ದಿನ ಬದುಕಿದರೆ ಇದು 10-20 ದಿನಕ್ಕೆ ಒಡೆಯುತ್ತದೆ. ಅದಕ್ಕೇ ರಕ್ತ ಕಡಿಮೆ. ಚಳಿ, ನೀರು ಸಾಲದಿರುವುದು, ಅತಿಯಾದ ದುಡಿತ, ಈ ಮೂರೂ ನೋವನ್ನು ಎಬ್ಬಿಸುತ್ತವೆ. ಕಕ್ಕಡದ ಮಳೆಯಲ್ಲಿ ಒದ್ದೆ ಸೀರೆ, ಬಾಯಾರಿಕೆಯೇ ಗೊತ್ತಾಗದ ಚಳಿ, ಸಂಜೆ ತನಕ ನಾಟಿ. ನೆಪ ಅಂದೆವಲ್ಲ, ಅದು ಇದು.

ವೈದ್ಯರು ಈ ಕಾಯಿಲೆ ಬಗ್ಗೆ ಮೊದಲು ಬರೆದದ್ದು 1910ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಭಾರತದಲ್ಲಿ ಕಂಡದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನೀಲಗಿರಿ ಎಷ್ಟು ದೂರ ಇಲ್ಲಿಂದ? ಆದರೂ ನನ್ನ ಟ್ರೈನಿಂಗಲ್ಲಿ ಇದರ ಹೆಸರು ಒಂದು ಸಾಲಿನಲ್ಲಿ ಬಂದು ಹೋಯಿತು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ರಾಷ್ಟ್ರೀಯ ಮಿಷನ್ ಶುರು ಮಾಡಿತು. 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆ, 2047ಕ್ಕೆ ನಿರ್ಮೂಲನೆ ಅಂತ ಗುರಿ.

ಇದು ಅಂಟುವ ಕಾಯಿಲೆ ಅಲ್ಲ. ಶಾಪವೂ ಅಲ್ಲ. ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು ಬಂದರೆ ಮಾತ್ರ ಕಾಯಿಲೆ. ಒಂದೇ ಪಾಲು ಇದ್ದವರು ಆರೋಗ್ಯವಾಗೇ ಇರುತ್ತಾರೆ, ಅವರು ವಾಹಕರು. ಅವರಿಗೆ ಮಲೇರಿಯಾ ಬಂದರೂ ಪ್ರಾಣಕ್ಕೆ ಅಪಾಯ ಕಡಿಮೆ. ಮಲೇರಿಯಾ ತುಂಬಿದ್ದ ಈ ಕಾಡುಗಳಲ್ಲಿ ಅದು ಉಳಿದುಕೊಂಡದ್ದು ಹಾಗೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಇಲ್ಲಿ ಹಿಂದಿನಿಂದ ಒಬ್ಬ ಹುಡುಗಿ ಎದ್ದು, ಸಿಕಲ್ ಸೆಲ್ ಪರೀಕ್ಷೆಯ ಕಾರ್ಡಿನ ಬಗ್ಗೆ ಕೇಳಿದಳು: "ಕಾರ್ಡ್ ತೋರಿಸಿದ್ರೆ ಮದುವೆ ಆಗಲ್ಲ ಅಂತಾರೆ. ತೋರಿಸ್ಬೇಕಾ?"

ಅವಳಿಗೆ ಹೇಳಿದ್ದನ್ನೇ ಬರೆಯುತ್ತೇನೆ. ತೋರಿಸು, ಆದರೆ ಹುಡುಗನ ಕಾರ್ಡೂ ಕೇಳು. ನಮ್ಮಲ್ಲಿ ಪರೀಕ್ಷೆಗೆ ಬರೋದು ಹೆಂಗಸರು ಮಕ್ಕಳು, ಗಂಡಸರು ಕೆಲಸ ಅಂತ ತಪ್ಪಿಸಿಕೊಳ್ಳುತ್ತಾರೆ. ಆಮೇಲೆ ಮಗುವಿಗೆ ಕಾಯಿಲೆ ಬಂದರೆ ಹೆಣ್ಣಿನ ಕಡೆಯಿಂದ ಬಂತು ಅಂತಾರೆ. ಎರಡು ಪಾಲು ಬೇಕು ಅಂದಮೇಲೆ ಅವನದ್ದು ಎಲ್ಲಿಂದ ಬಂತು?

ಮಾತ್ರೆ ವಿಷಯ ಒಂದು ಎಚ್ಚರಿಕೆ. ಸಿಕಲ್ ಸೆಲ್ ಕಾಯಿಲೆ ಇದ್ದವರಿಗೆ ರಕ್ತ ಕಡಿಮೆ ಅಂತ ಕಣ್ಣು ಮುಚ್ಚಿ ಕಬ್ಬಿಣ ಕೊಡಬಾರದು. ಪದೇ ಪದೇ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ಕಬ್ಬಿಣ ಮೊದಲೇ ಜಾಸ್ತಿ ಆಗಿರಬಹುದು. ಪರೀಕ್ಷೆ ಮಾಡಿ ಡಾಕ್ಟರೇ ಹೇಳಬೇಕು. ಅವರಿಗೆ ಫೋಲಿಕ್ ಆಸಿಡ್ ಬೇಕು, ಕೆಲವರಿಗೆ ಹೈಡ್ರಾಕ್ಸಿಯೂರಿಯಾ ಕೊಡುತ್ತಾರೆ. ಬಸಿರು ನಿಲ್ಲುವ ಮೊದಲೇ ಡಾಕ್ಟರಿಗೆ ತಿಳಿಸಬೇಕು. ವಾಹಕರಿಗೆ ಈ ಭಯ ಇಲ್ಲ, ಅವರಿಗೆ ರಕ್ತ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ತಗೊಳ್ಳಲಿ. ಇದನ್ನು ಕೇಳಿಸಿಕೊಂಡು ಹೋಗಿ ಬಸುರಿಯರೆಲ್ಲ ಮಾತ್ರೆ ನಿಲ್ಲಿಸಿದರೆ ನಾನು ಮತ್ತೆ ಬೈಯಲು ಬರಬೇಕಾಗುತ್ತೆ.

ಬೈಗುಳ ಅಂದಾಗ ನೆನಪಾಯಿತು. ದೇವರಪುರದ ಕುಂಡೆ ಹಬ್ಬ ನಿಮಗೆಲ್ಲ ಗೊತ್ತು. ಬೇಟೆಗೆ ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿಬಿಟ್ಟ ಅಂತ ದೇವರಿಗೇ ಬೈಯುವ ಹಬ್ಬ. ಮೇ ಕೊನೆಯಲ್ಲಿ ಹಾಡಿಯ ಗಂಡಸರು ಸೀರೆ, ರವಿಕೆ ಹಾಕಿಕೊಂಡು, ಡಬ್ಬ ಬಡಿಯುತ್ತಾ ರಸ್ತೆಯಲ್ಲಿ ಹೋಗುವ ಬರುವ ಸಾಹುಕಾರರಿಗೆಲ್ಲ ಬೈದು ದುಡ್ಡು ವಸೂಲಿ ಮಾಡುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ವರ್ಷಕ್ಕೊಂದು ದಿನ ಒಳಗಿದ್ದದ್ದೆಲ್ಲ ಹೊರಗೆ. ನನಗೂ ಇಷ್ಟದ ಹಬ್ಬ. ಒಂದೇ ತಕರಾರು. ಹೆಂಗಸಿನ ವೇಷ ಹಾಕಿ ಬೈಯುವವರು ಹೆಚ್ಚಾಗಿ ಗಂಡಸರೇ. ನಿಜವಾದ ಹೆಂಗಸರ ಬೈಗುಳ ಕೇಳುವ ದಿನ ಯಾವುದು?

2016ರ ಡಿಸೆಂಬರಿನಲ್ಲಿ ಸ್ವಲ್ಪ ಕೇಳಿಸಿತು. ದಿಡ್ಡಳ್ಳಿಯಲ್ಲಿ ಗುಡಿಸಲು ಕೆಡವಿದಾಗ. ಅದು ಪೈಸಾರಿ, ಅಂದರೆ ಸರ್ಕಾರದ ಖಾಲಿ ಜಾಗ ಅಂತ ಅವರು, ಕಾಡು ಅಂತ ಅರಣ್ಯ ಇಲಾಖೆ. ಲೈನ್ ಮನೆ ಬಿಟ್ಟು ಬಂದ ಎಷ್ಟೋ ಕುಟುಂಬಗಳು ಅಲ್ಲಿದ್ದವು. ಮುಂದೆ ನಿಂತು ಮಾತಾಡಿದ್ದು ಜೆ.ಕೆ. ಮುತ್ತಮ್ಮ ಮತ್ತು ಇತರ ಹೆಂಗಸರು. ಆಮೇಲೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಹೋರಾಟ ಸರಿಯೋ ತಪ್ಪೋ ಅಂತ ಈ ಸಭೆಯಲ್ಲೇ ಎರಡು ಅಭಿಪ್ರಾಯ ಇರುತ್ತೆ, ನನಗೆ ಗೊತ್ತು. ಅವರು ಕೇಳಿದ್ದು, ಹುಷಾರಿಲ್ಲದ ದಿನವೂ ನನ್ನದೇ ಆಗಿರುವ ಒಂದು ಸೂರು. ನರ್ಸಾಗಿ ನನಗೆ ಅದು ಚೆನ್ನಾಗಿ ಅರ್ಥವಾಗುತ್ತೆ.

ಅರಣ್ಯ ಹಕ್ಕು ಕಾಯ್ದೆ 2006ರದ್ದು. ಅದರಲ್ಲಿ ಮದುವೆಯಾದವರಿಗೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಕೊಡಬೇಕು ಅಂತ ಇದೆ. ಗ್ರಾಮಸಭೆಗೆ ಬಂದವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು ಇರಲೇಬೇಕು. ಹಿಂದೆ ಕೂತ ಅಮ್ಮಂದಿರೇ, ಹಕ್ಕುಪತ್ರ ಬಂದಿದ್ದರೆ ಮನೆಗೆ ಹೋಗಿ ತೆಗೆದು ಓದಿಸಿ ನೋಡಿ. ನಿಮ್ಮ ಹೆಸರು ಇದೆಯಾ?

ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: "ಅವರು ಕುಡಿತ ಬಿಡಲ್ಲ, ಎಲೆಅಡಿಕೆ ಬಿಡಲ್ಲ. ನಾವೇನು ಮಾಡೋದು?" ಹೌದು, ಕುಡಿತ ಇದೆ, ಹೊಗೆಸೊಪ್ಪು ಇದೆ, ಬಾಯಿಯಲ್ಲಿ ಹುಣ್ಣು ನೋಡಿದ್ದೇನೆ. ಆದರೆ ಕೂಲಿಯ ಒಂದು ಭಾಗವನ್ನು ಎಣ್ಣೆಯಲ್ಲಿ ಕೊಡುವ ತೋಟಗಳನ್ನೂ ನೋಡಿದ್ದೇನೆ. ಅದನ್ನು ನಿಲ್ಲಿಸೋದು ನಿಮ್ಮ ಕೈಲಿದೆ. ಅದರಿಂದ ಶುರು ಮಾಡೋಣ. (ಇಲ್ಲಿ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು.)

ಮುಂದಿನ ಗುರುವಾರ ಇಲ್ಲೇ ಸಿಕಲ್ ಸೆಲ್ ಪರೀಕ್ಷೆ ಇದೆ. ತೋಟದವರು ಅರ್ಧ ದಿನ ರಜೆ ಕೊಡಿ, ಕೂಲಿ ಹಿಡಿಯಬೇಡಿ. ಗಂಡಸರನ್ನೂ ಕರೆದುಕೊಂಡು ಬನ್ನಿ. ಬೆರಳಿಗೆ ಒಂದು ಚುಚ್ಚು, ಅಷ್ಟೇ. ಹೊಟ್ಟೆ ಖಾಲಿ ಇಟ್ಟುಕೊಂಡು ಬರಬೇಕಿಲ್ಲ, ತಿಂಡಿ ತಿಂದೇ ಬನ್ನಿ.